ಮೊದಲು ಬೆರಳ ಸಂದಿ ನೋಡಿ, ಆಮೇಲೆ ಎಣ್ಣೆ ಅರಿಶಿನದ ಮಾತು

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ನಾಯಿ ಅಂದ್ಮೇಲೆ ಕಾಲು ನೆಕ್ಕೇ ನೆಕ್ಕುತ್ತೆ. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿ, ಸರಿಹೋಗುತ್ತೆ. ಇದಕ್ಕೆಲ್ಲ ಡಾಕ್ಟ್ರು ಯಾಕೆ?" ಅದಕ್ಕೆ ಲೈಕುಗಳ ಸುರಿಮಳೆ ಬೇರೆ. ಇವತ್ತಿನ ಮಾತು ಪೂರ್ತಿ ಆ ಒಂದು ಕಾಮೆಂಟಿಗೇ.

ವಾಕಿಂಗ್ ಮುಗಿಸಿ ಬಂದು ಒಂದೆರಡು ನಿಮಿಷ ನೆಕ್ಕಿ ಎದ್ದು ಹೋದರೆ ಅದು ಶುಚಿ ಮಾಡ್ಕೊಳ್ಳೋದು, ಒಪ್ಪಿದೆ. ಆದರೆ ಮನೆಯವರೆಲ್ಲ ಮಲಗಿದ ಮೇಲೆ ಕತ್ತಲಲ್ಲಿ ಪಚಪಚ ಸದ್ದು, ಗದರಿದರೆ ಅರ್ಧ ನಿಮಿಷ ನಿಲ್ಲುತ್ತೆ, ಮತ್ತೆ ಶುರು. ಬಿಳಿ ಮುಂಗಾಲು ತುಕ್ಕು ಹಿಡಿದ ಹಾಗೆ ಕೆಂಗಂದು ಆಗಿರುತ್ತೆ. ಅದು ಕೊಳೆ ಅಲ್ಲ ಸ್ವಾಮಿ, ಎಂಜಲಿನಲ್ಲಿರೋ ಪಾರ್ಫಿರಿನ್ ಅನ್ನೋ ಬಣ್ಣದ ವಸ್ತು ಕೂತ ಕಲೆ. ಅಷ್ಟು ಕಲೆ ಕೂರಬೇಕಾದರೆ ಎಷ್ಟು ದಿನದಿಂದ ನೆಕ್ಕುತ್ತಿರಬೇಕು! ಇದು ಅಭ್ಯಾಸ ಅಲ್ಲ. ನವೆ, ಇಲ್ಲಾ ನೋವು. ಯಾವುದು ಅಂತ ತಿಳಿಯೋಕೆ ಬೆರಳ ಸಂದಿ ನೋಡಬೇಕು.

ನೋಡೋದು ಹೇಗೆ? ಹಗಲು ಬೆಳಕಲ್ಲಿ ನಾಯಿನ ಪಕ್ಕಕ್ಕೆ ಮಲಗಿಸಿ. ಎರಡೂ ಹೆಬ್ಬೆರಳಿಂದ ಅದರ ಬೆರಳುಗಳನ್ನ ಮೆಲ್ಲಗೆ ಅಗಲಿಸಿ. ಒಂದು ಪಾದಕ್ಕೆ ಮೂರು ಸಂದಿ. ಮೇಲಿಂದಲೂ ನೋಡಿ, ತಿರುಗಿಸಿ ಪ್ಯಾಡುಗಳ ನಡುವೆಯೂ ನೋಡಿ. ಆರೋಗ್ಯವಾಗಿದ್ದರೆ ಚರ್ಮ ಒಣಗಿರುತ್ತೆ, ಕೆಂಪಿರಲ್ಲ, ವಾಸನೆ ಇರಲ್ಲ. ಉಗುರಿನ ಬುಡದಲ್ಲಿ ಕಂದು ಮೇಣ ಮೆತ್ತಿ, ನಾಲ್ಕು ದಿನ ಹುಳಿ ಬಂದ ದೋಸೆ ಹಿಟ್ಟಿನಂಥ ವಾಸನೆ ಹೊಡೆದರೆ ಮಲಸೇಜಿಯಾ ಅನ್ನೋ ಯೀಸ್ಟ್ (ಚರ್ಮದ ಮೇಲಿನ ಒಂಥರ ಶಿಲೀಂಧ್ರ) ಮೇಲೆ ಮೊದಲ ಅನುಮಾನ. ಕೀವು ಗುಳ್ಳೆ ಇದ್ದರೆ ಬ್ಯಾಕ್ಟೀರಿಯಾ, ಇಲ್ಲಾ ಕೂದಲ ಬುಡದಲ್ಲಿ ಕೂರೋ ಡೆಮೊಡೆಕ್ಸ್ ಹುಳ. ಒಂದೇ ಕಾಲು ನೆಕ್ಕುತ್ತಿದ್ದರೆ ಮುಳ್ಳು, ಗಾಜಿನ ಚೂರು, ಉತ್ತರಾಣಿ ಬೀಜ, ಸೀಳಿದ ಉಗುರು, ಸಂದಿಯಲ್ಲಿ ಕಚ್ಚಿಕೊಂಡ ಉಣ್ಣೆ ಹುಡುಕಿ. ವಯಸ್ಸಾದ ನಾಯಿಯಾದರೆ ಕೀಲು ನೋವೂ ಇರಬಹುದು. ಎರಡೂ ಮುಂಗಾಲು, ಇಲ್ಲಾ ನಾಲ್ಕೂ ಕಾಲು ಅಂದರೆ ಹೆಚ್ಚಾಗಿ ಅಲರ್ಜಿ.

ಈಗ ಎಣ್ಣೆ ಅರಿಶಿನಕ್ಕೆ ಬರೋಣ. ಆ ಯೀಸ್ಟಿಗೆ ಜಿಡ್ಡೇ ಊಟ. ಎಣ್ಣೆ ಹಚ್ಚಿದರೆ ಒದ್ದೆ ಒಳಗೇ ಉಳಿಯುತ್ತೆ, ಮೇಲಾಗಿ ಕೊಬ್ಬರಿ ಎಣ್ಣೆ ನಾಯಿಗೆ ರುಚಿ, ಇನ್ನೂ ಜಾಸ್ತಿ ನೆಕ್ಕುತ್ತೆ! ಅರಿಶಿನ ಮಾಡೋ ಅನ್ಯಾಯ ಇನ್ನೊಂದು: ಚರ್ಮ ಹಳದಿ ಆದಮೇಲೆ ಕೆಂಪು ಕಾಣೋದು ಹೇಗೆ? ಮದುವಣಗಿತ್ತಿ ಕಾಲಿನ ಹಾಗೆ ಚೆಂದ ಕಾಣುತ್ತೆ, ಸಂದಿಯಲ್ಲಿ ಏನಿದೆ ಅಂತ ಡಾಕ್ಟ್ರಿಗೂ ಕಾಣಲ್ಲ.

"ನಮ್ಮಜ್ಜಿ ಕಾಲದಿಂದ ಹಚ್ಚುತ್ತಿದ್ದೀವಿ" ಅಂತೀರಿ. ಅಜ್ಜಿ ಕಾಲದ ನಾಯಿ ಅಂಗಳದ ಮಣ್ಣಲ್ಲಿ ಮಲಗುತ್ತಿತ್ತು. ನಿಮ್ಮ ಶಿಟ್ಜು ಮಲಗೋದು ಫಿನಾಯಿಲ್ ಹಾಕಿ ಒರೆಸಿದ ಟೈಲ್ಸ್ ಮೇಲೆ, ಪ್ಯಾಡುಗಳ ನಡುವೆ ಗಂಟುಗಟ್ಟಿದ ಕೂದಲು ಇಟ್ಟುಕೊಂಡು. ಆ ಕೂದಲನ್ನ ಟ್ರಿಮ್ಮರಲ್ಲಿ ತೆಗೀರಿ. ನೆಲಕ್ಕೆ ಫಿನಾಯಿಲ್ ಬೇಡ, ಬೇರೆ ಯಾವ ಕ್ಲೀನರ್ ಹಾಕಿದರೂ ಇನ್ನೊಂದು ಸಲ ಬರೀ ನೀರಲ್ಲಿ ಒರೆಸಿ, ಒಣಗೋವರೆಗೂ ನಾಯಿನ ಆಚೆ ಇಡಿ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ವಾಕಿಂಗ್ ಆದಮೇಲೆ ಬರೀ ನೀರಲ್ಲಿ ಪಾದ ತೊಳೆದು, ಟವೆಲ್ ತುದಿಯನ್ನ ಒಂದೊಂದು ಸಂದಿಗೂ ತೂರಿಸಿ ಒತ್ತಿ ಒಣಗಿಸಿ. ತೊಳೆಯೋರು ಬೇಕಾದಷ್ಟು ಜನ, ಒಣಗಿಸೋರು ಕಡಿಮೆ, ಮಳೆಗಾಲದಲ್ಲಿ ಯೀಸ್ಟ್ ಏಳೋದು ಅಲ್ಲೇ. ಯೀಸ್ಟ್ ಅಂತ ಖಾತ್ರಿ ಆದರೆ 2% ಕ್ಲೋರ್‌ಹೆಕ್ಸಿಡಿನ್, 2% ಮೈಕೊನಜೋಲ್ ಇರೋ ಶಾಂಪೂ, ವಾರಕ್ಕೆ ಎರಡು ಸಲ, ಮೂರ್ನಾಲ್ಕು ವಾರ. ನೊರೆ ಪಾದದ ಮೇಲೆ 10 ನಿಮಿಷ ಇರಬೇಕು, ಗಡಿಯಾರ ನೋಡಿ. ಅಷ್ಟು ಹೊತ್ತೂ ಪಕ್ಕದಲ್ಲೇ ಇರಿ, ಇಲ್ಲಾಂದ್ರೆ ನೆಕ್ಕಿಬಿಡುತ್ತೆ. ಬರೀ ಕೆಂಪಿದ್ದರೆ ಒಂದು ಲೀಟರ್ ನೀರಿಗೆ 10% ಪೊವಿಡೋನ್ ಅಯೋಡಿನ್ 10 ಎಂಎಲ್ ಹಾಕಿ, ತಿಳಿ ಟೀ ಬಣ್ಣ ಬರುತ್ತೆ, ಅದರಲ್ಲಿ ಮೂರು ನಿಮಿಷ ಕಾಲಿಡಿಸಿ ಒಣಗಿಸಿ. ಡೆಟಾಲ್ ಬೇಡ. ಟೀ ಟ್ರೀ ಎಣ್ಣೆ ನಾಯಿಗೆ ವಿಷ, ಬೇಡವೇ ಬೇಡ. ಮೆಡಿಕಲ್ ಶಾಪಿಂದ ತರೋ ಸ್ಟೆರಾಯ್ಡ್ ಟ್ಯೂಬ್ ಹಚ್ಚಬೇಡಿ, ಡೆಮೊಡೆಕ್ಸ್ ಇದ್ದರೆ ಇನ್ನೂ ಕೆರಳುತ್ತೆ.

"ಬೋರ್ ಆಗಿ ನೆಕ್ಕುತ್ತೆ" ಅನ್ನೋರೂ ಇದ್ದಾರೆ. ಅಂಥ ನಾಯಿಗಳೂ ಇವೆ, ಆದರೆ ಆ ಮಾತು ಉಳಿದಿದ್ದೆಲ್ಲ ಅಲ್ಲ ಅಂತ ಗೊತ್ತಾದ ಮೇಲೆ ಬರಬೇಕು. ಸಂದಿಯನ್ನೇ ನೋಡದೆ ಬೋರು ಅಂತ ತೀರ್ಪು ಕೊಡೋದು ಎಂಥ ನ್ಯಾಯ? "ಬಾಯಿ ಕಾಲಿಗೆ ಎಟುಕದ ಹಾಗೆ ಕುತ್ತಿಗೆಗೆ ಕೋನ್ ಹಾಕಿದ್ವಿ, ನಿಂತೋಯ್ತು" ಅಂತೀರಿ. ನೆಕ್ಕೋದು ನಿಂತಿದೆ, ನವೆ ನಿಂತಿಲ್ಲ! ಬಾಯಿಗೆ ಬೀಗ ಹಾಕಿದ ಹಾಗಾಯ್ತು.

ಡಾಕ್ಟ್ರ ಹತ್ತಿರ ಹೋದಾಗ ಬಾಯಿಬಿಟ್ಟು ಕೇಳಿ: "ಸಂದಿಗೆ ಟೇಪ್ ಒತ್ತಿ ಮೈಕ್ರೋಸ್ಕೋಪಲ್ಲಿ ನೋಡ್ತೀರಾ? ಚರ್ಮ ಕೆರೆದು ಹುಳ ಇದೆಯಾ ಅಂತ ಸ್ಕ್ರೇಪ್ ಮಾಡ್ತೀರಾ?" ಹುಳ ಇಲ್ಲ, ಉಣ್ಣೆ ಚಿಗಟಕ್ಕೆ ಔಷಧಿ ತಪ್ಪಿಲ್ಲ, ಆದರೂ ನವೆ ಇದೆ ಅಂದರೆ ಊಟದ ಪರೀಕ್ಷೆ. ಹುಟ್ಟಿದಾಗಿಂದ ಚಿಕನ್ ಅನ್ನ, ಮೊಸರನ್ನ ತಿಂದ ನಾಯಿಗೆ ಯಾವತ್ತೂ ತಿನ್ನದ ಒಂದು ಮಾಂಸ, 8 ವಾರ. ಮಧ್ಯೆ ಮಕ್ಕಳು ಒಂದು ಬಿಸ್ಕತ್ತು ಹಾಕಿದರೂ ಲೆಕ್ಕ ಕೆಟ್ಟಿತು, ಚಿಕನ್ ರುಚಿಯ ಮಾತ್ರೆಯೂ ಸೇರಿ. ಕಡಿಮೆ ಆದರೆ ಹಳೇ ಊಟ ಮತ್ತೆ ಕೊಡಿ. ಎರಡು ವಾರದೊಳಗೆ ನವೆ ಮರಳಿದರೆ ಕಳ್ಳ ಸಿಕ್ಕ. ಊಟ ಅಲ್ಲ ಅಂದರೆ ಧೂಳು, ಪರಾಗದ ಅಲರ್ಜಿ. ಅದು ಬೇರು ಸಮೇತ ಹೋಗಲ್ಲ, ನವೆ ತಗ್ಗಿಸೋ ಒಕ್ಲಾಸಿಟಿನಿಬ್ ಥರದ ಔಷಧಿ ಡಾಕ್ಟ್ರು ತೂಕ ನೋಡಿ ಬರೆದುಕೊಡ್ತಾರೆ.

ಇಷ್ಟೂ ಶುರುವಾಗೋದು ಎಲ್ಲಿಂದ? ಸಂದಿ ನೋಡೋದರಿಂದ! ಬಾಯಿಲ್ಲದ ಜೀವ, ನವೆ ಅಂತ ಅದು ಇನ್ನು ಹೇಗೆ ಹೇಳಬೇಕು? ನೆಕ್ಕಿ ನೆಕ್ಕಿ ಹೇಳ್ತಾ ಇದೆ. ನೀವು ಅರಿಶಿನ ಕಲಸ್ತಾ ಕೂತಿದ್ದೀರಿ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಈ ವಿಡಿಯೋನ ನಾಯಿ ಸಾಕಿರೋ ಪಕ್ಕದ ಮನೆಯವರಿಗೂ ಕಳಿಸಿ. ಮುಂದಿನ ವಾರ ಕಿವಿ. ಅಲರ್ಜಿಗೆ ಕಾಲು ನೆಕ್ಕೋ ನಾಯಿಗೆ ಕಿವಿಯೂ ಕೆಡೋದು ಜಾಸ್ತಿ, ಅದಕ್ಕೇ. ಆ ಕಾಮೆಂಟ್ ಹಾಕಿದವರೇ, ನಿಮ್ಮ ನಾಯಿ ಪಕ್ಕದಲ್ಲೇ ಇದ್ದರೆ ಈಗಲೇ ಫೋನಿನ ಟಾರ್ಚ್ ಹಾಕಿ. ಬಲ ಮುಂಗಾಲು, ಮೊದಲ ಸಂದಿ.