ರೊಟ್ಟಿ ಬಿಡಬ್ಯಾಡ್ರಿ, ಹಿಟ್ಟು ತೂಗ್ರಿ

ವಿಜಯಪುರದಾಗ ಹೊಟ್ಟಿ ಇಳಿಸಬೇಕು ಅಂತ ಜಿಮ್‌ಗೆ ಹೋದವ್ರಿಗೆ ಮೊದಲು ಸಿಗೋ ಸಲಹಾ ಒಂದೇ: ರೊಟ್ಟಿ ಬಿಡು. ನನಗ ಕೇಳಿದ್ರ, ಬಿಡಬೇಕಾದ್ದು ಆ ಸಲಹಾ.

ರೊಟ್ಟಿ ಬಿಟ್ಟ ಮೊದಲನೇ ವಾರ ಎರಡು ಕಿಲೋ ಇಳೀತಾವ, ಖರೇ. ಆದ್ರ ಅದರಾಗ ಭಾಳಷ್ಟು ನೀರು. ಕಾರ್ಬ್ಸ್, ಅಂದ್ರ ರೊಟ್ಟಿ-ಅನ್ನದಾಗಿನ ಪಿಷ್ಟ ಮತ್ತ ಸಕ್ಕರಿ, ಸ್ನಾಯುದಾಗ, ಲಿವರ್‌ನಾಗ ಗ್ಲೈಕೋಜನ್ ಅನ್ನೋ ದಾಸ್ತಾನಾಗಿ ಕುಂತಿರತೈತಿ. ಒಂದು ಗ್ರಾಂ ಗ್ಲೈಕೋಜನ್ ಜೋಡಿ ಸುಮಾರು 3 ಗ್ರಾಂ ನೀರು. ಅದು ಖಾಲಿ ಆದ್ರ ನೀರೂ ಹೋತು. ಮೂರನೇ ವಾರ ನೋಡ್ರಿ: 80 ಕಿಲೋ ಸ್ಕ್ವಾಟ್ (ಹೆಗಲ ಮ್ಯಾಗ ಭಾರ ಹೊತ್ತು ಕುಂತು ಏಳೋದು) ಎಂಟು ಸಲ ಹೊಡೀತಿದ್ದವ ಐದಕ್ಕ ನಿಂತ. ಪ್ಲೇಟ್ ಇಳಿಸಿದ. ಸ್ನಾಯು ಉಳಿಯೋದ ಆ ಭಾರದಿಂದ. ಭಾರ ಇಳಿದು ಪ್ರೋಟೀನೂ ಕಮ್ಮಿ ಇದ್ರ, ಕೊಬ್ಬಿನ ಜೋಡಿ ಸ್ನಾಯುನೂ ಕರಗತೈತಿ.

ಹಂಗಾರ ಲೆಕ್ಕ ಹೆಂಗ? 75 ಕಿಲೋ ಮನುಷ್ಯಾ, ವಾರಕ್ಕ ನಾಕು ದಿನ ಭಾರ ಎತ್ತತಾನ, ಊಟ ದಿನಕ್ಕ ಸುಮಾರು 2000 ಕ್ಯಾಲೊರಿ ಇಟ್ಟಾನ ಅನ್ಕೋರಿ. ಮೊದಲು ಪ್ರೋಟೀನ್ 130 ಗ್ರಾಂ, ಆಮೇಲೆ ಕೊಬ್ಬು 58 ಗ್ರಾಂ. ಉಳಿದದ್ದು ಕಾರ್ಬ್ಸ್, ಸರಾಸರಿ 240 ಗ್ರಾಂ. ಅದನ್ನ ಎಲ್ಲಾ ದಿನಕ್ಕೂ ಸಮ ಹಂಚಬ್ಯಾಡ್ರಿ: ಕಸರತ್ತಿನ ನಾಕು ದಿನ 270, ರಜಾ ಮೂರು ದಿನ 200.

ನಡುವಿನ ಈ 70 ಗ್ರಾಂ ಅಂದ್ರ ಎರಡು ಜೋಳದ ರೊಟ್ಟಿ, ಅಷ್ಟ! 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಗೆ 35 ಗ್ರಾಂ ಕಾರ್ಬ್ಸ್, 5 ಗ್ರಾಂ ಪ್ರೋಟೀನ್. ತೂಗೋದು ಹಿಟ್ಟು, ಬಿಸಿ ರೊಟ್ಟಿ ಅಲ್ಲ. ಬಿಸಿ ರೊಟ್ಟಿಯಾಗ ನೀರಿನ ತೂಕಾನೂ ಇರತೈತಿ. ಖಡಕ್ ರೊಟ್ಟಿ ಆದ್ರ ಹಂಗ ತೂಗಿದ್ರ ನಡೀತೈತಿ, ಆದ್ರ ಕರಕರ ಅನ್ಕೋತ ನಾಕು ಮುಗದದ್ದು ಗೊತ್ತಾಗಂಗಿಲ್ಲ.

ಕಸರತ್ತಿನ ದಿನ ಆರು ರೊಟ್ಟಿ, 60 ಗ್ರಾಂ ಒಣ ಮಡಕಿಕಾಳು ಇಲ್ಲಾ ಹೆಸರುಕಾಳು, 200 ಗ್ರಾಂ ಹಸಿ ಚಿಕನ್, ಮೂರು ಪೂರ್ತಿ ಮೊಟ್ಟಿ, ಇನ್ನೂ ಮೂರರ ಬಿಳಿ ಭಾಗ, 300 ಗ್ರಾಂ ಮೊಸರು. ಪ್ರೋಟೀನ್ 130ರ ಹತ್ರ ಬರತೈತಿ. ರಜಾ ದಿನ ಎರಡು ರೊಟ್ಟಿ ತೆಗೆದ್ರ 10 ಗ್ರಾಂ ಪ್ರೋಟೀನೂ ಹೋಗತೈತಿ, ಅದಕ್ಕ 50 ಗ್ರಾಂ ಚಿಕನ್ ಹೆಚ್ಚಿಗೆ ಹಾಕೋರಿ. ಮಾಂಸ ತಿನ್ನಲಾರದವ್ರು ಚಿಕನ್ ಬದಲಿಗೆ 50 ಗ್ರಾಂ ಸೋಯಾ ಚಂಕ್ಸ್, 100 ಗ್ರಾಂ ಪನೀರ್ ತೊಗೋರಿ; ಪನೀರಿನ ಕೊಬ್ಬು ಲೆಕ್ಕದಾಗ ಹಿಡೀರಿ.

ಖರೇ ಕಳ್ಳ ರೊಟ್ಟಿ ಅಲ್ಲ, ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ). 50 ಗ್ರಾಂ ಶೇಂಗಾದಾಗ ಸುಮಾರು 280 ಕ್ಯಾಲೊರಿ, ಅದರ ಮ್ಯಾಗ ಎಣ್ಣಿ ಬ್ಯಾರೆ! ರೊಟ್ಟಿ ಒಂದು ಕಮ್ಮಿ ಮಾಡಿ ಹಿಂಡಿ ಎರಡು ಚಮಚ ಜಾಸ್ತಿ ಹಾಕ್ಕೊಂಡ್ರ ಏನು ಉಳೀತು? 20 ಗ್ರಾಂ ಸಾಕು, ದಿನದ ಎಣ್ಣಿ ಎರಡು ಟೀ ಚಮಚ. ಚಹಾ ನಾಕು ಕಪ್, ಕಪ್ಪಿಗೆ ಎರಡು ಚಮಚ ಸಕ್ಕರಿ ಅಂದ್ರ 40 ಗ್ರಾಂ, ಒಂದು ರೊಟ್ಟಿಗಿಂತ ಹೆಚ್ಚು ಕಾರ್ಬ್ಸ್. ಗೋಕಾಕ, ಅಮೀನಗಡದ ಕರದಂಟು ಪೌಷ್ಟಿಕ ಅಂತೀರಿ, ಇರಲಿ. ಬೆಲ್ಲ ಮತ್ತ ಒಣಹಣ್ಣಿನ ಲೆಕ್ಕ ಅದಕ್ಕೂ ಐತಿ.

ಜೋಳದಾಗ ನಾರು ಹೆಚ್ಚು, ಜಲ್ದಿ ಕರಗಂಗಿಲ್ಲ. ಎರಡು ರೊಟ್ಟಿ ಕಸರತ್ತಿಗೆ ಎರಡು-ಮೂರು ತಾಸು ಮುಂಚೆ, ಎರಡು ಆಮೇಲೆ. ಅರ್ಧ ತಾಸು ಅಷ್ಟ ಇದ್ರ ರೊಟ್ಟಿ ಬ್ಯಾಡ, ಆ ಕಾರ್ಬ್ಸ್ ಲೆಕ್ಕದಾಗ ಒಂದು ಬಾಳೆಹಣ್ಣು.

ದಿನಾ ಮುಂಜಾನೆ ತೂಕ ಬರದು ವಾರದ ಸರಾಸರಿ ತೆಗೀರಿ, ಹೊಕ್ಕಳದ ಹತ್ರ ಟೇಪ್ ಹಿಡೀರಿ. ವಾರಕ್ಕ 400-500 ಗ್ರಾಂ ಇಳಿದ್ರ ಏನೂ ಮುಟ್ಟಬ್ಯಾಡ್ರಿ. ಎರಡು ವಾರ ತೂಕಾನೂ ಸೊಂಟಾನೂ ಅಲ್ಲೇ ನಿಂತ್ರ ರಜಾ ದಿನದ ಒಂದು ರೊಟ್ಟಿ ತೆಗೀರಿ, ಒಂದೇ. ಸತತ ಎರಡು ಸಲ ಭಾರ ಎತ್ತೋ ತಾಕತ್ತು ಇಳಿದ್ರ, ಮೊದಲು ನಿದ್ದಿ ನೋಡ್ರಿ, ಆಮೇಲೆ ಕಸರತ್ತಿನ ದಿನ ಒಂದು ರೊಟ್ಟಿ ಹೆಚ್ಚು ಮಾಡ್ರಿ.

ಶುಗರ್‌ಗೆ ಗುಳಿಗಿ, ಇನ್ಸುಲಿನ್ ತೊಗೊಳ್ಳೋವ್ರು ಡಾಕ್ಟರ್‌ಗೆ ಕೇಳಲಾರದ ಕಾರ್ಬ್ಸ್ ಕಮ್ಮಿ ಮಾಡಬ್ಯಾಡ್ರಿ, ಶುಗರ್ ಒಮ್ಮೆಲೆ ಕೆಳಗ ಬೀಳಬಹುದು. ಕಿಡ್ನಿ ತ್ರಾಸ ಇದ್ದವ್ರು ಪ್ರೋಟೀನ್ ಬಗ್ಗೆನೂ ಕೇಳ್ರಿ.

ಇನ್ನ ನಾಗರ ಪಂಚಮಿ. ಉಂಡಿ ತಿನ್ರಿ, ಆ ದಿನ ಕಾಲಿನ ಕಸರತ್ತು ಇಟ್ಕೋರಿ. ಮರುದಿನ ತೂಕ ಒಂದು ಕಿಲೋ ಏರಿದ್ರ ಅಂಜಬ್ಯಾಡ್ರಿ, ಹೋದ ನೀರು ತಿರುಗಿ ಬಂದೈತಿ. ಮೂರು ದಿನ ಬಿಟ್ಟು ಕಾಟಾ ಹತ್ರಿ.