ಹೊಲದಲ್ಲಿ ಶೇಂಗಾ, ಸಮೀಕ್ಷೆಯಲ್ಲಿ ತೊಗರಿ

ಎಲ್ಲರಿಗೂ ನಮಸ್ಕಾರ. ಬಿತ್ತನೆ ಟೈಮು, ನಿಮಗೂ ಪುರುಸೊತ್ತಿಲ್ಲ, ಅದಕ್ಕೆ ನೇರ ವಿಷಯಕ್ಕೇ ಬರ್ತೀನಿ.

ರೈತರಿಗೆ ಅಂತ ಇರೋ ಯೋಜನೆಗಳಿಗೆ ನಮ್ಮಲ್ಲಿ ಬರ ಇಲ್ಲ ಬಿಡಿ, ಬರ ಏನಿದ್ರೂ ಮಳೆಗೆ. ಪಿಎಂ ಕಿಸಾನ್ ಇದೆ, ವರ್ಷಕ್ಕೆ 6,000 ರೂಪಾಯಿ ಮೂರು ಕಂತಲ್ಲಿ, ಇ-ಕೆವೈಸಿ ಆಗಿಲ್ಲ ಅಂದ್ರೆ ಅದೂ ನಿಂತೋಗುತ್ತೆ. ಖುಷ್ಕಿ ಜಮೀನಿನೋರಿಗೆ ಕೃಷಿ ಹೊಂಡಕ್ಕೆ ಸಹಾಯಧನ ಕೊಡೋ ಕೃಷಿ ಭಾಗ್ಯ ಇದೆ. ಆದ್ರೆ ಇವತ್ತು ನಾನು ಹೇಳ್ಬೇಕು ಅಂತಿರೋದು ಬೆಳೆ ವಿಮೆ ಬಗ್ಗೆ, ಅದರಲ್ಲೂ ನಾವ್ಯಾರೂ ತಲೆ ಕೆಡಿಸ್ಕೊಳ್ಳದೆ ಇರೋ ಒಂದು ಫೋಟೊ ಬಗ್ಗೆ.

ನಮ್ಮನೇದೇ ಕಥೆ ಕೇಳಿ. ಎರಡೂವರೆ ಎಕರೆ ಶೇಂಗಾ ಹಾಕಿದ್ವಿ, ಚಿತ್ರದುರ್ಗದ ಕಡೆ ಎಲ್ಲರೂ ಮಾಡೋ ಹಾಗೆ ಮಧ್ಯೆ ಮಧ್ಯೆ ತೊಗರಿ ಅಕ್ಕಡಿ ಸಾಲು ಬಿಟ್ಟಿದ್ವಿ. ಶೇಂಗಾಗೆ ವಿಮೆ ಕಟ್ಟಿದ್ವಿ. ಕಾಯಿ ಕಟ್ಟೋ ಹೊತ್ತಿಗೆ ಮಳೆ ಕೈಕೊಡ್ತು, ಸರಿ, ವಿಮೆ ಆದ್ರೂ ಬರುತ್ತಲ್ಲ ಅಂತ ಕೂತ್ವಿ. ಪಕ್ಕದ ಹೊಲದೋರಿಗೆ ಬಂತು, ನಮಗಿಲ್ಲ. ಯಾಕಪ್ಪಾ ಅಂತ ವಿಚಾರಿಸ್ಕೊಂಡು ಹೋದ್ರೆ, ಯಾವ ಹೊಲದಲ್ಲಿ ಯಾವ ಬೆಳೆ ಅಂತ ಸರ್ಕಾರದೋರು ಫೋಟೊ ಸಮೇತ ಬರ್ಕೊಳ್ಳೋ ಬೆಳೆ ಸಮೀಕ್ಷೆಲಿ ನಮ್ಮ ಸರ್ವೆ ನಂಬರಿಗೆ ತೊಗರಿ ಅಂತ ಬಿದ್ದಿದೆ! ವಿಮೆ ಕಟ್ಟಿದ್ದು ಶೇಂಗಾಗೆ, ಎರಡೂ ತಾಳೆ ಆಗ್ಲಿಲ್ಲ, ದುಡ್ಡು ಬರ್ಲಿಲ್ಲ. ಸಮೀಕ್ಷೆಗೆ ಬಂದ ಹುಡುಗ ಬದುವಿನ ಮೇಲೆ ನಿಂತು ಫೋಟೊ ಹೊಡೆದಿದಾನೆ, ತೊಗರಿ ಎತ್ತರ, ಶೇಂಗಾ ನೆಲಕ್ಕಂಟಿರುತ್ತೆ, ಫೋಟೊದಲ್ಲಿ ಕಂಡಿದ್ದು ತೊಗರಿನೇ. ಅವನನ್ನ ಬೈದು ಏನು ಮಾಡೋದು, ನಾವ್ಯಾರೂ ಅವತ್ತು ಹೊಲದಲ್ಲೇ ಇರ್ಲಿಲ್ಲ.

2016ರ ಮುಂಗಾರಿಂದ ಈ ಫಸಲ್ ಬಿಮಾ, ಅಂದ್ರೆ ನಾನು ಹೇಳ್ತಿರೋ ಬೆಳೆ ವಿಮೆ ಯೋಜನೆ, ಬಂದಿದೆ. ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳಿಗೆ ವಿಮಾ ಮೊತ್ತದಲ್ಲಿ ನಾವು ಕಟ್ಟೋದು ಶೇಕಡಾ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತೆ ತೋಟಗಾರಿಕೆ ಬೆಳೆಗೆ 5, ಉಳಿದ ಪ್ರೀಮಿಯಂ ಕೇಂದ್ರ ರಾಜ್ಯ ಎರಡೂ ಸೇರಿ ಕಟ್ಟುತ್ವೆ. ಬಹಳ ಜನಕ್ಕೆ ಗೊತ್ತಿಲ್ಲದೆ ಇರೋದು ಏನಪ್ಪಾ ಅಂದ್ರೆ, ಸಾಮಾನ್ಯವಾಗಿ ನಿಮ್ಮೊಬ್ಬರ ಹೊಲ ನೋಡಿ ಪರಿಹಾರ ಕೊಡಲ್ಲ, ಪಂಚಾಯ್ತಿಲಿ ಮುಖ್ಯ ಬೆಳೆಗೆ ನಾಲ್ಕು ಕಡೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೀತಾರೆ. ನಿಗದಿ ಮಾಡಿರೋ ಇಳುವರಿ 10 ಕ್ವಿಂಟಾಲ್ ಅಂತಿದ್ದು, ಪ್ರಯೋಗದಲ್ಲಿ 6 ಬಂತು ಅನ್ಕೊಳ್ಳಿ, ವಿಮಾ ಮೊತ್ತದ ಶೇಕಡಾ 40 ಸಿಗುತ್ತೆ. ನಿಮ್ಮ ಹೊಲ ಪೂರ್ತಿ ಒಣಗಿದ್ರೂ ಪಂಚಾಯ್ತಿ ಸರಾಸರಿ ಚೆನ್ನಾಗಿದ್ರೆ ಏನೂ ಇಲ್ಲ. ನನಗೆ ಇದು ಸರಿ ಅನ್ಸಲ್ಲ, ನಮ್ಮ ಕಡೆ ಒಂದು ಹಳ್ಳಕ್ಕೆ ಆ ಕಡೆ ಮಳೆ ಈ ಕಡೆ ಧೂಳು. ಆಲಿಕಲ್ಲು ಬಿತ್ತು, ಹೊಲದಲ್ಲಿ ನೀರು ನಿಂತ್ಕೊಂತು ಅಂದ್ರೆ ಮಾತ್ರ ಬೇರೆ ಲೆಕ್ಕ, ಅದಕ್ಕೆ ಒಂಟಿ ಹೊಲ ಆದ್ರೂ ನೋಡ್ತಾರೆ, ಆದ್ರೆ 72 ಗಂಟೆ ಒಳಗೆ ತಿಳಿಸ್ಬೇಕು, ಹಬ್ಬ ಮುಗೀಲಿ ನೋಡೋಣ ಅಂದ್ರೆ ಮುಗೀತು.

ಸರಿ, ಫೋಟೊಗೆ ವಾಪಸ್ ಬರೋಣ. 2020ರಿಂದ ರೈತರೇ ತಮ್ಮ ಮೊಬೈಲಲ್ಲಿ ಬೆಳೆ ಸಮೀಕ್ಷೆ ಮಾಡ್ಕೊಳ್ಳೋಕೆ ಆಪ್ ಇದೆ. ಮನೇಲಿ ಓದೋ ಹುಡುಗರಿದ್ರೆ ಹೊಲಕ್ಕೆ ಕರ್ಕೊಂಡೋಗಿ, ಬದುವಿಂದ ಇಳಿದು ಸಾಲಿನ ಮಧ್ಯೆ ನಿಂತು ತೆಗೀರಿ, ಅಕ್ಕಡಿ ಇದ್ರೆ ಮಿಶ್ರ ಬೆಳೆ ಅಂತ ಎರಡನ್ನೂ ಹಾಕಿ. ನಾವೇ ಮಾಡಕ್ಕಾಗಲ್ಲ ಅಂದ್ರೆ ಸಮೀಕ್ಷೆ ಮಾಡೋ ಪಿಆರ್ ಹುಡುಗರು ಬಂದಾಗ ಜೊತೆಗೆ ನಿಂತ್ಕೊಳ್ಳಿ. ಆಮೇಲೆ ಬೆಳೆ ದರ್ಶಕ್ ಆಪಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ, ತಪ್ಪಿದ್ರೆ ಟೈಮ್ ಇರೋವಾಗ್ಲೇ ಆಕ್ಷೇಪಣೆ ಹಾಕಿ. ನಾವು ನೋಡಿದ್ದು ಪರಿಹಾರದ ದುಡ್ಡು ಹಂಚಿಕೆ ಆದ್ಮೇಲೆ, ಅಷ್ಟೊತ್ತಿಗೆ ಯಾರೂ ಏನೂ ಮಾಡೋ ಹಾಗಿರ್ಲಿಲ್ಲ.

ಇನ್ನೊಂದು, ನಿಮ್ಮ ಎಫ್‌ಐಡಿಗೆ, ಅಂದ್ರೆ ರೈತರ ಗುರುತಿನ ಸಂಖ್ಯೆಗೆ, ಎಲ್ಲಾ ಸರ್ವೆ ನಂಬರ್ ಸೇರಿದ್ಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳ್ಕೊಳ್ಳಿ. ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಲ್ಲೇ ಇದ್ರೆ ಮೊದ್ಲು ಪೌತಿ ಖಾತೆ ಮಾಡಿಸಿ ವಾರಸುದಾರರ ಹೆಸರಿಗೆ ಹಾಕಿಸ್ಕೊಳ್ಳಿ, ಅಣ್ಣತಮ್ಮಂದಿರ ಜಗಳ ಆಮೇಲೆ ಇಟ್ಕೊಳ್ಳಿ.

ಈ ಸಲ ನಮ್ಮ ಹೊಲದ ಫೋಟೊ ನಮ್ಮ ಅಕ್ಕನ ಮಗಳು ತೆಗೀತಾಳಂತೆ. ಶೇಂಗಾ ಸಾಲಲ್ಲಿ ಕುಕ್ಕರಗಾಲಲ್ಲಿ ಕೂತ್ಕೊಂಡೇ ತೆಗಿ ಅಂತ ಈಗ್ಲೇ ಹೇಳಿಟ್ಟಿದೀನಿ. ನಮಸ್ಕಾರ.