ಗುರುತಿಲ್ಲದ ಹಕ್ಕಿಯ ಮಾಂಸ

ಕೇಳುಗರಿಗೆ ನಮಸ್ಕಾರ.

ಕಾಡುಹಕ್ಕಿ ತಾನೇ, ಚೆನ್ನಾಗಿ ಬೇಯಿಸಿದರೆ ಏನೂ ಆಗಲ್ಲ ಅನ್ನುವ ಮಾತು ನೀವೂ ಕೇಳಿರುತ್ತೀರಿ, ಅಲ್ವಾ? ಅದು ಅರ್ಧ ಮಾತ್ರ ನಿಜ. ಬೆಂಕಿಗೆ ರೋಗಾಣು ಸಾಯುತ್ತದೆ. ಎಲ್ಲ ವಿಷವೂ ಸಾಯುವುದಿಲ್ಲ.

ನ್ಯೂ ಗಿನಿಯ ಕಾಡಿನಲ್ಲಿ ಪಿಟೋಹುಯಿ ಅಂತ ಒಂದು ಹಕ್ಕಿ ಇದೆ. ಕಿತ್ತಳೆ ಮೈ, ಕಪ್ಪು ತಲೆ, ಕಪ್ಪು ರೆಕ್ಕೆ. ಬಲೆಗೆ ಬಿದ್ದ ಈ ಹಕ್ಕಿಯನ್ನು ಬಿಡಿಸುವಾಗ ಜಾಕ್ ಡಂಬಾಕರ್ ಎಂಬ ಸಂಶೋಧಕರ ಕೈ ತರಚಿತು. ಬೆರಳನ್ನು ಬಾಯಿಗಿಟ್ಟುಕೊಂಡರು. ಬಾಯಿ ಉರಿದು ಜೋಮು ಹಿಡಿಯಿತು. ಅದರ ಚರ್ಮ ಮತ್ತು ಗರಿಯಲ್ಲಿರುವುದು ಬ್ಯಾಟ್ರಕೋಟಾಕ್ಸಿನ್ ಎಂದು 1992ರಲ್ಲಿ ಅವರ ತಂಡ ತಿಳಿಸಿತು. ದಕ್ಷಿಣ ಅಮೆರಿಕದ ವಿಷಕಪ್ಪೆಗಳಲ್ಲಿರುವುದೂ ಇದೇ ಜಾತಿಯ ವಿಷ. ಈ ಹಕ್ಕಿ ತಿನ್ನುವ ಪುಟ್ಟ ಜೀರುಂಡೆಗಳಲ್ಲೂ ಅದು ಸಿಕ್ಕಿತು.

ಅಂದರೆ ಹಕ್ಕಿಯ ಹೆಸರು ಗೊತ್ತಿದ್ದರೆ ಸಾಲದು, ಅದು ಏನು ತಿಂದಿದೆ ಅನ್ನುವುದೂ ಗೊತ್ತಿರಬೇಕು. ಲಾವಕ್ಕಿಯನ್ನೇ ನೋಡಿ. ಎಷ್ಟೋ ಕಡೆ ಜನ ಇಷ್ಟಪಟ್ಟು ತಿನ್ನುವ ಹಕ್ಕಿ. ಆದರೆ ಮೆಡಿಟರೇನಿಯನ್ ಸುತ್ತಮುತ್ತ ವಲಸೆ ಕಾಲದಲ್ಲಿ ಹಿಡಿದದ್ದನ್ನು ತಿಂದ ಕೆಲವರಿಗೆ ಮೈಕೈ ವಿಪರೀತ ನೋವು ಬರುತ್ತದೆ. ಸ್ನಾಯು ಒಡೆದು ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ವಿಷ ತುಂಬಿದ ಲಾವಕ್ಕಿಯೂ ನೋಡಲು ಬೇರೆ ಲಾವಕ್ಕಿಯ ಹಾಗೇ ಇರುತ್ತದೆ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಇದೇ.

ಇನ್ನು ರುಚಿ. ಮೀನು ತಿನ್ನುವ ಹಕ್ಕಿಗಳ ಕೊಬ್ಬಿಗೆ ಮೀನಿನ ವಾಸನೆ ಅಂಟಿಕೊಂಡಿರುತ್ತದೆ. 1941ರಲ್ಲಿ ಈಜಿಪ್ಟಿನಲ್ಲಿ ಹ್ಯೂ ಕಾಟ್ ಎಂಬ ಜೀವವಿಜ್ಞಾನಿ ಹಕ್ಕಿಗಳ ಚರ್ಮ ಸುಲಿದು ಮಾಂಸವನ್ನು ಪಕ್ಕದಲ್ಲಿ ಇಟ್ಟಿದ್ದರು. ಕಣಜಗಳು ಬೆಳವನ ಮಾಂಸಕ್ಕೆ ಮುತ್ತಿಕೊಂಡವು, ಮಿಂಚುಳ್ಳಿಯದನ್ನು ಮುಟ್ಟಲಿಲ್ಲ. ಕೇಂಬ್ರಿಡ್ಜಿನಲ್ಲಿ ಓದುವಾಗ ಚಾರ್ಲ್ಸ್ ಡಾರ್ವಿನ್ ಗೆಳೆಯರ ಜೊತೆ ಗಿಡುಗ ತಿಂದರು, ಗೂಬೆಯನ್ನೂ ತಿಂದರು. ಗೂಬೆಯ ರುಚಿ ಹೇಳತೀರದಷ್ಟು ಕೆಟ್ಟದಾಗಿತ್ತಂತೆ.

ಗುಂಡು ಹೊಡೆದು ಬೀಳಿಸಿದ ಹಕ್ಕಿಯಲ್ಲಿ ಸೀಸದ ಚೂರುಗಳಿರಬಹುದು, ಕಣ್ಣಿಗೆ ಕಾಣದಷ್ಟು ಸಣ್ಣವು. ದಯವಿಟ್ಟು ಅಂಥ ಮಾಂಸವನ್ನು ಮಕ್ಕಳಿಗೆ ಕೊಡಬೇಡಿ, ಸೀಸ ಮಿದುಳಿನ ಬೆಳವಣಿಗೆಗೇ ಕುತ್ತು. ಸತ್ತುಬಿದ್ದ, ಮಂಕಾಗಿ ಕೂತ ಹಕ್ಕಿಯನ್ನಂತೂ ಮುಟ್ಟಲೇಬೇಡಿ. ಹಕ್ಕಿಜ್ವರ ಹರಡುವುದಕ್ಕೆ ತಿನ್ನಲೇಬೇಕು ಅಂತಿಲ್ಲ, ಪುಕ್ಕ ಕೀಳುವಾಗಲೇ ಅಂಟಬಹುದು.

ಇಂಥ ಮಾಂಸ ತಿಂದವರಿಗೆ ತುಟಿ ಜೋಮು ಹಿಡಿದರೆ, ಮೈಕೈ ನೋವು ಬಂದರೆ, ಮೂತ್ರದ ಬಣ್ಣ ಬದಲಾದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾವ ಹಕ್ಕಿ, ಎಷ್ಟು ಹೊತ್ತಿಗೆ ತಿಂದದ್ದು ಅಂತ ವೈದ್ಯರಿಗೆ ಹೇಳಿ. ಮಾಂಸ ಉಳಿದಿದ್ದರೆ ಅದನ್ನೂ ಕಟ್ಟಿಕೊಂಡು ಹೋಗಿ.